ತೂಕದ ಮನೆಯಲ್ಲಿ ಇಂಗ್ಲಿಷು

ರಾತ್ರಿ ಒಂದೂವರೆಗೆ ಅಲ್ಲಿ ಬೆಳಗಿನ ಎಂಟು.
"ಗುಡ್ ಮಾರ್ನಿಂಗ್" ಅನ್ನುತ್ತಾಳೆ ಒಬ್ಬ ಹೆಂಗಸು
ನನ್ನ ಬಲಗಿವಿಯೊಳಗೆ.
ಎಡಗಿವಿ ಫ್ಯಾಕ್ಟರಿಯದು, ಸಂಬಳ ಅದಕ್ಕೆ:
ಟ್ರಾಕ್ಟರು ತೂಕದ ಹಲಗೆ ಹತ್ತಿದ ಸದ್ದು,
ಸಾಲಿನಲ್ಲಿ ನಿದ್ದೆಗೆಟ್ಟ ಎತ್ತಿನ ಕೊರಳಗಂಟೆ,
ಹಿಂದೆ ಗಾಣದ ಒಂದೇ ಸಮನೆ ಗೊರಕೆ.
ಮೂಗು ಮಾತ್ರ ಯಾರದೂ ಅಲ್ಲ,
ಮಂಡ್ಯಕ್ಕೆಲ್ಲ ಹಂಚಿ ಮಿಕ್ಕಿದ ಕಾಕಂಬಿ ವಾಸನೆಯದು.

ಎಸ್ಸೆಸೆಲ್ಸಿಗೆ ಮೂರು ಸಲ ಕೂತವನು ನಾನು.
ಇಂಗ್ಲಿಷಿನಲ್ಲಿ ಮೂರು ಸಲವೂ ಇಪ್ಪತ್ತೆಂಟೇ,
ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಅಷ್ಟು ನಿಯತ್ತು.

ಲಂಡನ್ನಿನ ಸುದ್ದಿ ಹುಡುಕುತ್ತಿದ್ದೆ ಒಂದು ರಾತ್ರಿ.
ಫೋನಿನ ಗಾಜು ಸೀಳಿದ ಕಡೆ ಬೆರಳು ಜಾರಿ
ಭೂಮಿಯ ತಳಕ್ಕೇ ಹೋಗಿ ಬಿತ್ತು:
ನ್ಯೂಜಿಲೆಂಡಿನ ಯಾವುದೋ ಕುರಿಯೂರು.
ಅಲ್ಲಿ ಯುದ್ಧವಿಲ್ಲ, ಷೇರುಪೇಟೆಯಿಲ್ಲ.
ಹಾಲಿನ ರೇಟು ಇಳಿದಿದೆ.
ಸೇತುವೆ ಮೇಲೆ ಮಂಜು ಕಟ್ಟಿದೆ, ಗಾಡಿ ನಿಧಾನ.
ಯಾರದೋ ಕಂದು ನಾಯಿ ಕಳೆದಿದೆ, ಹೆಸರು ಬಿಸ್ಕಿಟ್,
ಕರೆದರೆ ಬಾರದು, ಕಿವುಡು.
ಅದು ಸಿಗುವವರೆಗೆ ಹನ್ನೊಂದು ರಾತ್ರಿ
ಒಂದು ಮಾತನ್ನೂ ಬಿಡದೆ ಕೇಳಿದೆ.

ನನಗೆ ಬರುವ ಲೆಕ್ಕ ಒಂದೇ:
ತುಂಬಿದ ಗಾಡಿ ತೂಗು, ಖಾಲಿ ಗಾಡಿ ತೂಗು,
ಕಳೆದರೆ ಕಬ್ಬು.
ಮಾತನ್ನೂ ಹಾಗೇ ಹಲಗೆ ಹತ್ತಿಸಿದೆ.
"ಡ್ರಿಜಲ್" ಅಂದಳು ನಾಕು ದಿನ. ಐದನೆಯ ದಿನ
ಛತ್ರಿ ಬೇಡ, ಹ್ಯಾಟು ಸಾಕು ಎಂದೇನೋ ಸೇರಿಸಿದಳು.
ತೂಗಿದೆ: ಟೋಪಿಯಷ್ಟು ಮಳೆ.
ಓಹೋ, ಕಿಟಕಿಯಾಚೆ ನಮ್ಮ ಆಷಾಢದ ತುಂತುರು.
"ಆಕ್ಚುಲಿ" ಎಷ್ಟು ತೂಗಿದರೂ ಅಂಕಿ ಏಳಲಿಲ್ಲ, ಖಾಲಿ ಗಾಡಿ.
"ಸಾರಿ" ಒಂದೊಂದು ಸಲ ಒಂದೊಂದು ತೂಕ.

ತಂಗಿ ಮಗಳು ನಿಸರ್ಗ ಕಾನ್ವೆಂಟು, ಆರನೇ ಕ್ಲಾಸು.
ಭಾನುವಾರ ಅವಳೆದುರು ಮೊದಲ ಸಲ ಬಾಯಿಬಿಟ್ಟೆ:
"ಗಿವ್ ಮಿ ದ ಪಿನ್."
ಗುಂಡುಸೂಜಿ ತಂದುಕೊಟ್ಟಳು.
"ಇದಲ್ಲ ಕಣವ್ವ, ಬರೆಯೋದು."
"ಮಾಮಾ, ಅದು ಪೆನ್!"
ಹತ್ತರವರೆಗೆ ಎಣಿಸು ಅಂದಳು, ಎಣಿಸಿದೆ.
ಕೊನೆಗೆ "ಟಿನ್" ಅಂದದ್ದೇ ತಡ
ನಕ್ಕು ನಕ್ಕು ಮಂಚದ ಮೇಲೆ ಉರುಳಾಡಿದಳು.

ಆ ರಾತ್ರಿ ಕಿವಿ ಚುರುಕು ಮಾಡಿ ಕೇಳಿದೆ.
ನಿಜ. ಆ ಊರೇ ಹಾಗೆ.
ಪೆನ್ನು ಅವರಿಗೆ ಪಿನ್ನು, ಹತ್ತು ಅವರಿಗೆ ಟಿನ್ನು,
ಮಿಲ್ಕು ಬಾಯಿಗೆ ಬರುವ ಹೊತ್ತಿಗೆ ಮುಲ್ಕು.

ನೆನಪಾಯಿತು, ಏಳನೇ ಕ್ಲಾಸಿನ ಬೆಂಚು.
ಅದರ ಮೇಲೆ ನಿಲ್ಲಿಸಿ ಮೇಷ್ಟ್ರು,
"ಆಲು ಅಲ್ಲವೋ, ಹಾಲು. ಅಸು ಅಲ್ಲ, ಹಸು.
ಎದೆಯಿಂದ ಉಸಿರು ತೆಗೆದು ಹೇಳು."
ತೆಗೆದೆ. ಕೆಮ್ಮು ಬಂತು.
ಮನೆಯಲ್ಲಿ ಸಂಜೆ ಅವ್ವ ಕರೆದದ್ದು ಆಲೇ,
ತಂಬಿಗೆ ತುಂಬ ನೊರೆಗೇನೂ ಕಮ್ಮಿಯಿರಲಿಲ್ಲ.

ಅಂದರೆ ಇಷ್ಟು ದಿನ ನಾನು ಕಲಿತದ್ದು
ಇಂಗ್ಲಿಷಿನ ಮಂಡ್ಯವನ್ನು!

ಮೊನ್ನೆ ಒಂದು ಮೆಸೇಜು ಕಳಿಸಿದೆ, ಯಾರಿಗೂ ತೋರಿಸದೆ:
ಟೆನ್ ಟನ್ ಕೇನ್. ಸ್ಮಾಲ್ ರೇನ್.
ಡಾಗ್ ಕಮ್ ಹೋಮ್, ಐ ಆ್ಯಮ್ ಹ್ಯಾಪಿ.
ಹಾಡಿನ ನಂತರ ಅವಳು ಅದನ್ನೇ ಓದಿದಳು, ನಗಲಿಲ್ಲ,
ಊರಿನ ಹೆಸರ ಹತ್ತಿರ ಗಾಡಿ ನಿಧಾನ ಮಾಡಿ
"ಮೆಂಡಿಯಾ" ಅಂದಳು.
ತಿದ್ದೋಣವೆನಿಸಿತು. ಬೆಂಚು ಕಣ್ಣಿಗೆ ಬಂತು, ಬಿಟ್ಟೆ.

ಅಷ್ಟರಲ್ಲಿ ಹಲಗೆ ನಡುಗಿತು, ಕೊಪ್ಪದ ಕಡೆ ಟ್ರಾಕ್ಟರು.
"ಏಟ್ ಬಂತಣ್ಣೋ?" ಕತ್ತಲಿಂದ ಬೋರಲಿಂಗ.
ಚೀಟಿಯಲ್ಲಿ ಸರಿಯಾಗೇ ಬರೆದೆ, ಹತ್ತು ಟನ್ನು.
ಬಾಯಿ ಮಾತ್ರ "ಟಿನ್" ಅಂತು.
"ಟಿನ್ನಾ? ಯಾವ ಟಿನ್ನಣ್ಣ, ಎಣ್ಣೇದಾ?"